ಸುಮ್ಮನೆ ಕಾಯುತ್ತಿದ್ದ ಆಂಪ್ಲಿಫೈಯರ್

ಆ ಆಂಪ್ಲಿಫೈಯರ್ ಮೊದಲ ಸಲ ನನ್ನ ಮೇಜಿಗೆ ಬಂದಾಗ ಮಾಲೀಕರು ಎರಡು ದೂರು ಹೇಳಿದ್ದರು. ಹಾಡು ಹಾಕದೆ ಸುಮ್ಮನೆ ಇಟ್ಟರೂ ಹೀಟ್ ಸಿಂಕ್ ಕೈಯಿಡಲಾಗದಷ್ಟು ಕಾಯುತ್ತದೆ ಎಂಬುದು ಒಂದು. "ಇನ್ನೊಂದು ವಿಷಯ ಸರ್, ಇದನ್ನು ಆನ್ ಮಾಡಿದರೆ ಪಕ್ಕದ ಕೋಣೆಯ ರೇಡಿಯೋದಲ್ಲಿ ಶಾರ್ಟ್‌ವೇವ್ ಸ್ಟೇಷನ್ ಮೇಲೆ ಸೀಟಿ ಊದಿದ ಹಾಗೆ ಕೇಳುತ್ತದೆ" ಎಂಬುದು ಇನ್ನೊಂದು. ಮೊದಲನೆಯದನ್ನು ಚೀಟಿಯಲ್ಲಿ ಬರೆದುಕೊಂಡೆ, ಎರಡನೆಯದನ್ನು ಬಿಟ್ಟೆ. ಕಾಯಿಲೆಯ ಗುರುತೆಲ್ಲ ಆ ಬಿಟ್ಟ ಮಾತಿನಲ್ಲೇ ಇತ್ತು.

ಮುಚ್ಚಳ ಬಿಚ್ಚಿದಾಗ ಮೊದಲು ಕಣ್ಣಿಗೆ ಬಿದ್ದದ್ದು ಔಟ್‌ಪುಟ್ಟಿನಲ್ಲಿರುವ ಜೋಬೆಲ್ ರೆಸಿಸ್ಟರ್, ಅಂದರೆ ಆಂಪ್ಲಿಫೈಯರನ್ನು ಸ್ಥಿರವಾಗಿಡಲು ಹಾಕುವ ಭಾಗ. ಸ್ಪೀಕರ್ ತಂತಿಗೂ ಗ್ರೌಂಡಿಗೂ ನಡುವೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರಿನ ಜೊತೆ ಸರಣಿಯಲ್ಲಿ ಕೂರುವ 10 ಓಮ್ ಅದು. ಸುಟ್ಟು, ಬಣ್ಣದ ಪಟ್ಟಿಗಳೆಲ್ಲ ಒಂದೇ ಕಂದು ಬಣ್ಣಕ್ಕೆ ತಿರುಗಿದ್ದವು. ಹೊಸದು ಹಾಕಿದೆ. ಬಳಿಕ ಔಟ್‌ಪುಟ್ ಟ್ರಾನ್ಸಿಸ್ಟರಿನ ಕರೆಂಟ್ ಹರಿಯುವ 0.22 ಓಮ್ ಎಮಿಟರ್ ರೆಸಿಸ್ಟರಿನ ಎರಡೂ ತುದಿಗೆ ಮಲ್ಟಿಮೀಟರ್ ಹಿಡಿದೆ. 11 ಮಿಲಿವೋಲ್ಟ್, ಅಂದರೆ 50 ಮಿಲಿಆಂಪಿಯರ್ ಇರಬೇಕಾದ ಕಡೆ 60 ಮಿಲಿವೋಲ್ಟ್ ತೋರಿಸಿತು. ಬಯಾಸ್, ಅಂದರೆ ಹಾಡಿಲ್ಲದಾಗಲೂ ಟ್ರಾನ್ಸಿಸ್ಟರುಗಳಲ್ಲಿ ಹರಿಯುವ ಕರೆಂಟ್, ಹೆಚ್ಚಾಗಿದೆ ಎಂದು ತೀರ್ಮಾನಿಸಿ, ಅದನ್ನು ಹೊಂದಿಸುವ ಪ್ರಿಸೆಟ್ ತಿರುಗಿಸಿದೆ.

ಅಲ್ಲಿಯೇ ನಾನು ಒಂದು ಕ್ಷಣ ನಿಲ್ಲಬೇಕಿತ್ತು. ಪ್ರಿಸೆಟ್ ತಿರುಗಿಸಿದಂತೆ ಅಂಕಿ ಮೆಲ್ಲಗೆ ಇಳಿಯುವುದು ಸಹಜ. ಇದು ಇಳಿಯದೆ ನಿಂತು, ಒಂದು ಬಿಂದುವಿನಲ್ಲಿ ದಢಕ್ಕನೆ 8ಕ್ಕೆ ಬಿದ್ದಿತು. ಹಿಂದಕ್ಕೆ ತುಸು ತಿರುಗಿಸಿದರೆ ಮತ್ತೆ ಮೇಲಕ್ಕೆ ಹಾರಿತು. ಪ್ರಿಸೆಟ್ ಹಳೆಯದಾಗಿದೆ ಎಂದುಕೊಂಡು ಅದನ್ನೂ ಬದಲಿಸಿ, 8ರಲ್ಲೇ ನಿಲ್ಲಿಸಿ, ಅರ್ಧ ಗಂಟೆ ನೋಡಿ ಕಳುಹಿಸಿಬಿಟ್ಟೆ.

ವಾರ ತುಂಬುವ ಮೊದಲೇ ವಾಪಸ್ ಬಂತು. ಅದೇ ಬಿಸಿ, ಅದೇ ರೆಸಿಸ್ಟರ್ ಕರಕಲು. ಮಾಲೀಕರು ಕೋಪಿಸಿಕೊಳ್ಳಲಿಲ್ಲ. ರೇಡಿಯೋ ಇನ್ನೂ ಸೀಟಿ ಹಾಕುತ್ತಿದೆ ಎಂದಷ್ಟೇ ಹೇಳಿದರು. ಈ ಸಲ ಆ ಮಾತು ಕಿವಿಗೆ ಇಳಿಯಿತು.

ಹಾಡಿನ ಆವರ್ತನಗಳಲ್ಲಿ ಆ 10 ಓಮ್ ರೆಸಿಸ್ಟರಿಗೆ ಕೆಲಸವೇ ಇಲ್ಲ. 1 ಕಿಲೋಹರ್ಟ್ಸ್‌ನಲ್ಲಿ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಸುಮಾರು 1,600 ಓಮ್‌ನಷ್ಟು ಅಡ್ಡಿ ಒಡ್ಡುತ್ತದೆ. ಆವರ್ತನ ಮೆಗಾಹರ್ಟ್ಸ್‌ಗೆ ಏರಿದರೆ ಆ ಅಡ್ಡಿ ಒಂದೆರಡು ಓಮ್‌ಗೆ ಇಳಿದು, ಇಡೀ ವೋಲ್ಟೇಜ್ ರೆಸಿಸ್ಟರಿನ ಮೇಲೆಯೇ ಬೀಳುತ್ತದೆ. ಬರೀ 5 ವೋಲ್ಟ್ ಸಾಕು, ಎರಡೂವರೆ ವಾಟ್ ಬಿಸಿ. ಜೋಬೆಲ್ ರೆಸಿಸ್ಟರ್ ಕರಕಲಾಗಿದೆ ಎಂದರೆ ಆಂಪ್ಲಿಫೈಯರ್ ಆಸಿಲೇಟ್ ಆಗುತ್ತಿದೆ, ಅಂದರೆ ಹಾಡು ಹಾಕದಿದ್ದರೂ ತಾನಾಗಿ ಅಲೆ ಹುಟ್ಟಿಸುತ್ತಿದೆ ಎಂದು ಮೊದಲು ಶಂಕಿಸಬೇಕು. ಹೀಟ್ ಸಿಂಕ್ ಕಾಯುವುದಕ್ಕೂ ಅದೇ ಕಾರಣ. ಅಷ್ಟು ವೇಗದಲ್ಲಿ ಒಂದು ಔಟ್‌ಪುಟ್ ಟ್ರಾನ್ಸಿಸ್ಟರ್ ಪೂರ್ತಿ ಆಫ್ ಆಗುವಷ್ಟರಲ್ಲಿ ಇನ್ನೊಂದು ಆನ್ ಆಗಿರುತ್ತದೆ. ಎರಡರ ಮೂಲಕವೂ ವಿದ್ಯುತ್ ನೇರವಾಗಿ ಹರಿಯುತ್ತದೆ. ಅದನ್ನೇ ನಾನು ಬಯಾಸ್ ದೋಷವೆಂದು ಓದಿಕೊಂಡಿದ್ದೆ. ನಮ್ಮ ಸಾಧಾರಣ ಮಲ್ಟಿಮೀಟರಿನ ಎಸಿ ರೇಂಜಿಗೆ ಇಷ್ಟು ವೇಗದ ಅಲೆ ಕಾಣುವುದೇ ಇಲ್ಲ.

ಇನ್‌ಪುಟ್ ಶಾರ್ಟ್ ಮಾಡಿ, ಸ್ಪೀಕರ್ ಕಳಚಿ, ಆಸಿಲೋಸ್ಕೋಪ್ ಹಚ್ಚಿದೆ. ತೆಳ್ಳಗಿರಬೇಕಾದ ಗೆರೆ ಬೆರಳಿನಷ್ಟು ದಪ್ಪ ಪಟ್ಟಿಯಾಗಿ ಕಂಡಿತು. ಟೈಮ್‌ಬೇಸ್ ಬಿಡಿಸುತ್ತಾ ಹೋಗಿ ಒಂದು ಚೌಕಕ್ಕೆ 0.1 ಮೈಕ್ರೋಸೆಕೆಂಡ್ ಮಾಡಿದಾಗ ಪಟ್ಟಿ ಒಡೆದು ಅಲೆಯಾಯಿತು. ಒಂದು ಅಲೆಗೆ ಒಂದೂವರೆ ಚೌಕಕ್ಕಿಂತ ಚೂರು ಹೆಚ್ಚು, ಅಂದರೆ ಸುಮಾರು 6 ಮೆಗಾಹರ್ಟ್ಸ್. ಶಾರ್ಟ್‌ವೇವಿನ 49 ಮೀಟರ್ ಬ್ಯಾಂಡ್ ಇರುವುದು ಅಲ್ಲೇ.

ಆವರ್ತನ ಗೊತ್ತಾದರೆ ದೋಷದ ವಿಳಾಸ ಅರ್ಧ ಸಿಕ್ಕಂತೆ. ಸೆಕೆಂಡಿಗೆ ಕೆಲವೇ ಸಲ ಫಟ್ ಫಟ್ ಎನ್ನುತ್ತಿದ್ದರೆ ಸಪ್ಲೈಯ ಒಣಗಿದ ಕೆಪಾಸಿಟರುಗಳ ಕಡೆ ನೋಡುತ್ತೇನೆ. ಕೆಲವು ನೂರು ಕಿಲೋಹರ್ಟ್ಸ್ ಇದ್ದರೆ ಇಡೀ ಫೀಡ್‌ಬ್ಯಾಕ್ ಸುತ್ತಿನ, ಅಂದರೆ ಔಟ್‌ಪುಟ್ಟನ್ನು ಇನ್‌ಪುಟ್ಟಿನ ಕಡೆಗೆ ಹಿಂದಿರುಗಿಸುವ ದಾರಿಯ, ಮೇಲೆ ಅನುಮಾನ. ಹಲವು ಮೆಗಾಹರ್ಟ್ಸ್ ಇದ್ದರೆ ಬಹುಮಟ್ಟಿಗೆ ಯಾವುದೋ ಒಂದು ಟ್ರಾನ್ಸಿಸ್ಟರ್ ತನ್ನ ಪಾಡಿಗೆ ತಾನು ಕುಣಿಯುತ್ತಿರುತ್ತದೆ. ಖಚಿತಪಡಿಸಿಕೊಳ್ಳಲು ಔಟ್‌ಪುಟ್ ಟ್ರಾನ್ಸಿಸ್ಟರುಗಳನ್ನು ನಡೆಸುವ ಡ್ರೈವರಿಗಿಂತ ಹಿಂದಿನ ಹಂತದಲ್ಲಿ, ಆ ಸುತ್ತಿನ ವೇಗವನ್ನು ಮಿತಿಯಲ್ಲಿಡುವ 47 ಪಿಕೋಫ್ಯಾರಡ್ ಕೆಪಾಸಿಟರಿಗೆ ಇನ್ನೊಂದು 100 ಪಿಕೋಫ್ಯಾರಡ್ ತಾತ್ಕಾಲಿಕವಾಗಿ ಸೇರಿಸಿದೆ. ಅಲೆ ಕದಲಲಿಲ್ಲ. ಫೀಡ್‌ಬ್ಯಾಕ್ ಸುತ್ತಿನದೇ ತಪ್ಪಾಗಿದ್ದರೆ ಆವರ್ತನ ಬದಲಾಗಲೇಬೇಕಿತ್ತು. ಒಣ ಪ್ಲಾಸ್ಟಿಕ್ ಕಡ್ಡಿಯಿಂದ ಔಟ್‌ಪುಟ್ ಟ್ರಾನ್ಸಿಸ್ಟರಿಗೆ ಹೋಗುವ ತಂತಿಗಳನ್ನು ಸರಿಸಿದೆ. ಟ್ರಾನ್ಸಿಸ್ಟರನ್ನು ನಿಯಂತ್ರಿಸುವ ಕಾಲಾದ ಬೇಸಿನ ತಂತಿ ಕದಲಿದಾಗಲೆಲ್ಲ ಪರದೆಯ ಮೇಲಿನ ಅಲೆ ಹಿಗ್ಗಿತು, ಕುಗ್ಗಿತು. ಆಸಿಲೋಸ್ಕೋಪಿನ ಪ್ರೋಬನ್ನು 1ಎಕ್ಸ್‌ಗೆ ಹಾಕಿ ಆ ಬೇಸಿಗೆ ಮುಟ್ಟಿಸಿದರೆ ಅಲೆಯೇ ಮಾಯ. 1ಎಕ್ಸ್‌ನಲ್ಲಿ ಪ್ರೋಬಿನ ಕೇಬಲ್ಲೇ ಸುಮಾರು 100 ಪಿಕೋಫ್ಯಾರಡ್ ಹೊರೆ ಹೇರುತ್ತದೆ. ಇಂಥ ದೋಷ ಹುಡುಕುವಾಗ ಹೊರೆ ತೀರಾ ಕಡಿಮೆ ಇರುವ 10ಎಕ್ಸ್ ಬಿಟ್ಟು ಬೇರೆ ಬಳಸಿದರೆ ಕಳ್ಳ ಎದುರಲ್ಲೇ ಇದ್ದರೂ ಕಾಣುವುದಿಲ್ಲ.

ಆಗ ಔಟ್‌ಪುಟ್ ಜೋಡಿಯ ನಂಬರ್ ಓದಿದೆ. ಮೂಲದಲ್ಲಿ ಇದ್ದದ್ದು ಹಳೆಯ 2ಎನ್3055 ಕಾಲದ, ಒಂದೆರಡು ಮೆಗಾಹರ್ಟ್ಸ್ ವೇಗದ ಟ್ರಾನ್ಸಿಸ್ಟರುಗಳು. ಹಿಂದೆ ಬೇರೆ ಯಾರೋ 2ಎಸ್‌ಸಿ5200 ಮತ್ತು 2ಎಸ್‌ಎ1943 ಹಾಕಿದ್ದರು. ಇವುಗಳ ವೇಗ ಸುಮಾರು 30 ಮೆಗಾಹರ್ಟ್ಸ್. ಅವು ಒಳ್ಳೆಯ ಭಾಗಗಳೇ, ನಾನೂ ಬಳಸುತ್ತೇನೆ. ಆದರೆ ಗೇಣುದ್ದ ತಂತಿಯ ತುದಿಗೆ, ಬೇಸಿನಲ್ಲಿ ಒಂದು ರೆಸಿಸ್ಟರೂ ಇಲ್ಲದೆ ಕೂರಿಸಿದರೆ ಆ ವೇಗವೇ ಮುಳುವಾಗುತ್ತದೆ. ಹಳೆಯ ನಿಧಾನದ ಟ್ರಾನ್ಸಿಸ್ಟರ್ ಸಹಿಸಿಕೊಂಡಿದ್ದ ವೈರಿಂಗನ್ನು ಹೊಸದು ಸಹಿಸಲಿಲ್ಲ. ಆಂಪ್ಲಿಫೈಯರ್ ಬಿಸಿಯೇರಿ ಕರೆಂಟ್ ಹೆಚ್ಚಿದೊಡನೆ ಕುಣಿತ ಶುರುವಾಗುತ್ತಿತ್ತು. ಮೊದಲ ಸಲ 8 ಮಿಲಿವೋಲ್ಟಿನಲ್ಲಿ ತೆಪ್ಪಗಿದ್ದದ್ದು ಅದಕ್ಕೇ.

ಬೇಸ್ ತಂತಿಗಳಿಗೆ 4.7 ಓಮ್ ಸೇರಿಸಿದೆ. ಮೊದಲು ಸುಲಭವೆಂದು ಬೋರ್ಡಿನ ತುದಿಯಲ್ಲಿ ಹಾಕಿದಾಗ ಅಲೆ ಸಣ್ಣದಾಯಿತು, ಸಾಯಲಿಲ್ಲ. ಬಿಚ್ಚಿ, ಟ್ರಾನ್ಸಿಸ್ಟರಿನ ಕಾಲಿಗೇ ಅಂಟಿಕೊಂಡಂತೆ ಬೆಸುಗೆ ಹಾಕಿದಾಗ ಪಟ್ಟಿ ಒಂದೇ ಸಲಕ್ಕೆ ಕೂದಲೆಳೆಯಂತೆ ತೆಳುವಾಯಿತು. ತಂತಿಗಳನ್ನು ಗಿಡ್ಡ ಮಾಡಿ, ಕಲೆಕ್ಟರುಗಳ ಪಕ್ಕದಲ್ಲೇ ಗ್ರೌಂಡಿಗೆ 0.1 ಮೈಕ್ರೋಫ್ಯಾರಡ್ ಒಂದೊಂದು ಹಾಕಿದೆ. ಈಗ ಪ್ರಿಸೆಟ್ ತಿರುಗಿಸಿದರೆ ಅಂಕಿ ನಯವಾಗಿ ಏರಿತು, 11ರಲ್ಲಿ ನಿಂತಿತು.

ಕಳುಹಿಸುವ ಮುನ್ನ 8 ಓಮ್ ಲೋಡ್ ಕಟ್ಟಿ 10 ಕಿಲೋಹರ್ಟ್ಸ್ ಚೌಕ ಅಲೆ ಕೊಟ್ಟೆ, ಲೋಡಿಗೆ ಸಮಾಂತರವಾಗಿ 0.1 ಮೈಕ್ರೋಫ್ಯಾರಡ್ ಇಟ್ಟೂ ನೋಡಿದೆ. ಅಲೆಯ ಮೂಲೆಯಲ್ಲಿ ಎರಡು ಮೂರು ಕಂಪನ ಎದ್ದು ತಣಿದವು. ಸೈನ್ ಅಲೆಯನ್ನು ಕ್ಲಿಪ್ ಆಗುವವರೆಗೆ, ಅಂದರೆ ನೆತ್ತಿ ಚಪ್ಪಟೆಯಾಗುವವರೆಗೆ ಏರಿಸಿ ನೆತ್ತಿಯಲ್ಲಿ ನೊರೆ ಏಳುತ್ತದೆಯೇ ಎಂದು ಪರೀಕ್ಷಿಸಿದೆ. ಕೆಲವು ಆಂಪ್ಲಿಫೈಯರುಗಳು ಅಲ್ಲಿ ಮಾತ್ರ ಆಸಿಲೇಟ್ ಆಗುತ್ತವೆ. ಎರಡು ಗಂಟೆ ಬಿಸಿಯಲ್ಲಿಟ್ಟು ಮತ್ತೊಮ್ಮೆ ಅಳೆದೆ.

ಮಾಲೀಕರಿಗೆ ಫೋನ್ ಮಾಡಿ, ಬರುವಾಗ ಆ ರೇಡಿಯೋವನ್ನೂ ತರಲು ಕೇಳಿಕೊಂಡೆ. ಮೇಜಿನ ಮೇಲೆ ಆಂಪ್ಲಿಫೈಯರಿಗೆ ತಾಗಿಸಿಟ್ಟು, ಅವರೇ 49 ಮೀಟರಿನಲ್ಲಿ ತಮ್ಮ ಸ್ಟೇಷನ್ ಹುಡುಕಿದರು. ನಾನು ಸ್ವಿಚ್ ಒತ್ತಿದೆ. ಸ್ಟೇಷನ್ನಿನ ದನಿ ಇದ್ದ ಹಾಗೆಯೇ ಇತ್ತು. ಅಂದಿನಿಂದ ಚೀಟಿಯಲ್ಲಿ ದೂರಿನ ಸಾಲಿನ ಕೆಳಗೆ, ಗ್ರಾಹಕರು ಹೇಳಿದ ಇತರ ಮಾತುಗಳಿಗೆಂದು ಇನ್ನೊಂದು ಸಾಲು ಬಿಡುತ್ತಿದ್ದೇನೆ.