ಟರ್ನ್‌ಟೇಬಲ್ ಗುಂಯ್ ಅಂದರೆ ಮೊದಲು ಕಿವಿಗೊಟ್ಟು ಕೇಳಿ

ರೆಕಾರ್ಡ್ ನುಡಿಸುವ ಟರ್ನ್‌ಟೇಬಲ್‌ನಲ್ಲಿ ಹಾಡಿನ ಹಿಂದೆ ಒಂದೇ ಸಮನೆ ಗುಂಯ್ ಅನ್ನುವ ಸದ್ದು ಬಂದರೆ ಬಹಳ ಜನ ಮೊದಲು ಮಾಡುವ ಕೆಲಸ ಹೊಸ ಕೇಬಲ್ ಕೊಳ್ಳುವುದು. ದಯವಿಟ್ಟು ಅದನ್ನು ಕೊನೆಗೆ ಇಟ್ಟುಕೊಳ್ಳಿ. ಈ ಹಮ್ ಯಾವಾಗ ಶುರುವಾಗುತ್ತದೆ, ಯಾವುದನ್ನು ಮುಟ್ಟಿದರೆ ಕಡಿಮೆಯಾಗುತ್ತದೆ, ಎಲ್ಲಿಗೆ ಸರಿಸಿದರೆ ಜಾಸ್ತಿಯಾಗುತ್ತದೆ ಅಂತ ಸ್ವಲ್ಪ ತಾಳ್ಮೆಯಿಂದ ಗಮನಿಸಿದರೆ, ಬಹಳಷ್ಟು ಸಲ ಒಂದು ಪೈಸೆ ಖರ್ಚಿಲ್ಲದೆ ಮೂಲ ಸಿಕ್ಕಿಬಿಡುತ್ತದೆ.

ಬೇರೆ ಯಾವುದಕ್ಕೂ ಇಲ್ಲದ ಈ ಕಾಟ ಟರ್ನ್‌ಟೇಬಲ್‌ಗೇ ಯಾಕೆ? ಸಿಡಿ ಪ್ಲೇಯರ್‌ನಿಂದ ಹೊರಬರುವುದು ಹೆಚ್ಚೆಂದರೆ ಸುಮಾರು 2 ವೋಲ್ಟ್. ಟರ್ನ್‌ಟೇಬಲ್‌ನಲ್ಲಿ ಸೂಜಿಯ ಅದುರನ್ನು ಸಿಗ್ನಲ್ ಮಾಡುವ ಪುಟ್ಟ ಭಾಗ ಕಾರ್ಟ್ರಿಜ್. ಸಾಮಾನ್ಯ ಮೂವಿಂಗ್ ಮ್ಯಾಗ್ನೆಟ್ (ಅಯಸ್ಕಾಂತ ಅದುರುವ) ಕಾರ್ಟ್ರಿಜ್ ಕೊಡುವುದು ಸುಮಾರು 5 ಮಿಲಿವೋಲ್ಟ್, ಮೂವಿಂಗ್ ಕಾಯಿಲ್ (ಸುರುಳಿ ಅದುರುವ) ಬಗೆಯದಾದರೆ ಅದರ ಹತ್ತನೇ ಒಂದು ಭಾಗವೂ ಇರಬಹುದು. ಇಷ್ಟು ಸಣ್ಣ ಸಿಗ್ನಲ್ಲನ್ನು ಆಂಪ್ಲಿಫೈಯರ್‌ಗೆ ಮೊದಲಿನ ಘಟ್ಟವಾದ ಫೋನೋ ಪ್ರೀಆಂಪ್ ನೂರು ಪಟ್ಟಾದರೂ ಹಿಗ್ಗಿಸಬೇಕು. ಸಾಲದ್ದಕ್ಕೆ, ರೆಕಾರ್ಡ್ ಕೊರೆಯುವಾಗ ಬೇಸ್ (ಕೆಳಗಿನ ದನಿ) ತಗ್ಗಿಸಿರುತ್ತಾರೆ, ನುಡಿಸುವಾಗ ಆರ್‌ಐಎಎ ಅನ್ನುವ ಒಪ್ಪಿತ ಲೆಕ್ಕದ ಪ್ರಕಾರ ಅದನ್ನು ಮತ್ತೆ ಏರಿಸಬೇಕು. ಮನೆಯ ಕರೆಂಟ್ ಮಿಡಿಯುವ 50 ಹರ್ಟ್ಸ್ (ಕೆಲವು ದೇಶಗಳಲ್ಲಿ 60) ಸರಿಯಾಗಿ ಈ ಬೇಸ್‌ನಲ್ಲೇ ಕೂತಿದೆ, 1000 ಹರ್ಟ್ಸ್‌ಗೆ ಹೋಲಿಸಿದರೆ ಸುಮಾರು 17 ಡೆಸಿಬೆಲ್, ಅಂದರೆ ಏಳು ಪಟ್ಟು ಜಾಸ್ತಿ ಏರುತ್ತದೆ. ಹಾಗಾಗಿ ಎಲ್ಲೋ ನುಸುಳಿದ ಒಂದಿಷ್ಟು ಕರೆಂಟಿನ ಸದ್ದೂ ಸ್ಪೀಕರಿನಲ್ಲಿ ದೊಡ್ಡದಾಗಿ ಕೇಳುತ್ತದೆ.

ವಾಲ್ಯೂಮ್ ಪೂರ್ತಿ ಇಳಿಸಿ, ಟರ್ನ್‌ಟೇಬಲ್‌ನ ವೈರುಗಳನ್ನೆಲ್ಲ ಕಿತ್ತು, ಮತ್ತೆ ನಿಧಾನವಾಗಿ ಏರಿಸಿ. ಆಗಲೂ ಅಷ್ಟೇ ಜೋರಾಗಿ ಹಮ್ ಇದ್ದರೆ ತಪ್ಪು ಟರ್ನ್‌ಟೇಬಲ್‌ದಲ್ಲ, ಆಂಪ್ಲಿಫೈಯರ್ ಕಡೆಯದು.

ವೈರ್ ಕಿತ್ತಾಗ ಹಮ್ ನಿಂತರೆ, ಮುಂದಿನ ಅನುಮಾನ ಅರ್ಥ್ ವೈರ್ ಮೇಲೆ. ಎಡಬಲದ ಕೇಬಲ್ ಜೊತೆ ಬರುವ ತೆಳ್ಳನೆಯ ಒಂಟಿ ವೈರ್ ಅದು, ಆಂಪ್ಲಿಫೈಯರ್ ಹಿಂದೆ ಜಿಎನ್‌ಡಿ (GND) ಅಂತ ಬರೆದ ಸ್ಕ್ರೂಗೆ ಬಿಗಿಯಾಗಿ ಕೂರಬೇಕು. ಸುಮ್ನೆ ಸಿಕ್ಕಿಸಿದರೆ ಸಾಲದು. ತುದಿ ಕಪ್ಪಾಗಿದ್ದರೆ ಉಜ್ಜಿ ಹಾಕಿ. ರೇಗಾ ಕಂಪನಿಯದಂಥ ಕೆಲವು ಟರ್ನ್‌ಟೇಬಲ್‌ಗಳಿಗೆ ಈ ವೈರೇ ಇರುವುದಿಲ್ಲ, ಕೇಬಲ್ಲಿನ ಮೂಲಕವೇ ಅರ್ಥ್ ಆಗುತ್ತದೆ, ಗಾಬರಿ ಬೇಡ. ವೈರ್ ಹಾಕಿದ ಮೇಲೆ ಹಮ್ ಜಾಸ್ತಿಯಾದರೆ ಅದು ಗ್ರೌಂಡ್ ಲೂಪ್, ಅಂದರೆ ಅರ್ಥ್‌ಗೆ ಎರಡು ದಾರಿ ಸಿಕ್ಕಿದೆ. ಆಂಪ್ಲಿಫೈಯರ್‌ಗೆ ಜೋಡಿಸಿರುವ ಟಿವಿ, ಕಂಪ್ಯೂಟರ್‌ಗಳನ್ನು ಒಂದೊಂದಾಗಿ ಬಿಡಿಸಿ ನೋಡಿ. ಆದರೆ ಪ್ಲಗ್ಗಿನ ಅರ್ಥ್ ಪಿನ್ ಮುರಿಯುವ ಉಪಾಯ ಯಾರು ಹೇಳಿದರೂ ಕೇಳಬೇಡಿ. ಆ ಪಿನ್ ಇರುವುದು ನಿಮ್ಮ ಜೀವ ಕಾಯಲು.

ಸೂಜಿ ಹೊತ್ತ ತೋಳಾದ ಟೋನ್‌ಆರ್ಮ್‌ನ ಲೋಹ ಮುಟ್ಟಿದಾಗ ಸದ್ದು ಬದಲಾಗುತ್ತದಾ? ಹಾಗಿದ್ದರೆ ಆರ್ಮ್‌ನ ಅರ್ಥ್ ಒಳಗೆಲ್ಲೋ ಕಡಿದಿದೆ. ಒಂದೇ ಸ್ಪೀಕರಿನಲ್ಲಿ ಹಮ್ ಇದ್ದರೆ ಎಡಬಲದ ಕೇಬಲ್‌ಗಳನ್ನು ಫೋನೋ ಇನ್‌ಪುಟ್‌ನಲ್ಲಿ ಅದಲುಬದಲು ಮಾಡಿ. ಸದ್ದು ಇನ್ನೊಂದು ಕಡೆಗೆ ಹೋಯಿತು ಅಂದರೆ ತೊಂದರೆ ಟರ್ನ್‌ಟೇಬಲ್ ಕಡೆಯೇ, ಹೆಚ್ಚಾಗಿ ಕಾರ್ಟ್ರಿಜ್ ಹಿಂದಿನ ನಾಲ್ಕು ಪುಟ್ಟ ಪಿನ್‌ಗಳಲ್ಲಿ. ಬಿಳಿ ಮತ್ತು ನೀಲಿ ಎಡಕ್ಕೆ, ಕೆಂಪು ಮತ್ತು ಹಸಿರು ಬಲಕ್ಕೆ. ನೀಲಿಯೋ ಹಸಿರೋ ಸಡಿಲವಾದರೆ ಆ ಕಡೆ ಗುಂಯ್ ಗ್ಯಾರಂಟಿ. ಎಲ್ಲ ಆಫ್ ಮಾಡಿಯೇ ಇದಕ್ಕೆ ಕೈ ಹಾಕಿ.

ನನಗೆ ಬಹಳ ಇಷ್ಟವಾದ ಪರೀಕ್ಷೆ ಇನ್ನೊಂದಿದೆ. ರೆಕಾರ್ಡ್ ಕೂರುವ ತಟ್ಟೆ, ಅಂದರೆ ಪ್ಲ್ಯಾಟರ್ ನಿಲ್ಲಿಸಿ, ಸೂಜಿ ಎತ್ತಿಯೇ ಇಟ್ಟುಕೊಂಡು ಆರ್ಮನ್ನು ಕೈಯಲ್ಲಿ ಅಂಚಿನಿಂದ ನಡುವಿನವರೆಗೆ ತನ್ನಿ. ದಾರಿಯಲ್ಲಿ ಹಮ್ ಏರಿಳಿದರೆ ಕಾರ್ಟ್ರಿಜ್‌ನ ಸುರುಳಿಗಳು ಯಾವುದೋ ಟ್ರಾನ್ಸ್‌ಫಾರ್ಮರ್‌ನ ಅಯಸ್ಕಾಂತ ಕ್ಷೇತ್ರವನ್ನು ಹಿಡಿಯುತ್ತಿವೆ ಅಂತ ಅರ್ಥ. ಆಂಪ್ಲಿಫೈಯರ್ ಪಕ್ಕಕ್ಕೋ ಅದರ ಮೇಲೋ ಟರ್ನ್‌ಟೇಬಲ್ ಇಟ್ಟವರಿಗೆ ಇದು ತಪ್ಪಿದ್ದಲ್ಲ. ಒಂದು ಮೊಳ ದೂರ ಸರಿಸಿದರೂ ಎಷ್ಟು ವ್ಯತ್ಯಾಸ ಅಂತ ನೀವೇ ಕೇಳಿ!

ಸೂಜಿ ರೆಕಾರ್ಡ್ ಮೇಲೆ ಇದ್ದಾಗ ಮಾತ್ರ ಸದ್ದು ಬಂದು, ವಾಲ್ಯೂಮ್ ಏರಿಸಿದಂತೆಲ್ಲ ತಾನೇ ತಾನಾಗಿ ಬೆಳೆದು ಊಳಿಡುತ್ತಿದ್ದರೆ ಅದು ಕರೆಂಟಿನ ಹಮ್ ಅಲ್ಲವೇ ಅಲ್ಲ. ಸ್ಪೀಕರಿನ ಅದುರು ಮೇಜಿನ ಮೂಲಕ ಸೂಜಿಗೆ ವಾಪಸ್ ಬರುತ್ತಿದೆ. ಅದಕ್ಕೆ ಅರ್ಥ್ ವೈರ್ ಏನೂ ಮಾಡಲಾರದು, ಸ್ಪೀಕರನ್ನೇ ಬೇರೆ ಕಡೆ ಇಡಬೇಕು.