ಮನುಷ್ಯರಿಗೆ ಬೋನಸ್ ಎಷ್ಟು?

ಭಾನುವಾರ ಮಧ್ಯಾಹ್ನ ಊಟ ಮುಗಿಸಿ ನಾವು ಐದಾರು ಜನ ಬಾಗಲಕೋಟೆಯ ನವನಗರದಲ್ಲಿ, ನಮ್ಮ ಮನೆಯ ಮಾಳಿಗೆ ಮೇಲಿನ ಖೋಲಿಯಲ್ಲಿ ಕೂಡುತ್ತೇವೆ. ನಾನು ಒಂದು ಲೋಕದ ಕಥೆ ಹೇಳುತ್ತೇನೆ. ಉಳಿದವರು ಅದರಲ್ಲಿ ತಲಾ ಒಂದು ಪಾತ್ರ ಆಡುತ್ತಾರೆ. ಕತ್ತಿ ತಗುಲಿತೋ ತಪ್ಪಿತೋ ಅನ್ನುವುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ರೋಲ್ ಪ್ಲೇಯಿಂಗ್ ಗೇಮ್ ಅಂದರೆ ಇಷ್ಟೇ. ಹೊಸದಾಗಿ ಬಂದವರೆಲ್ಲ ಮೊದಲು ಕೇಳುವ ಪ್ರಶ್ನೆ ಒಂದೇ: "ನಿಮ್ಮ ಲೋಕದಾಗ ಮನಷ್ಯಾರು ಯಾಕ್ ಇಷ್ಟ್ ಕಡಿಮಿ ಅದಾರ್ರೀ?" ಅದರ ಬೆನ್ನಿಗೇ ಇನ್ನೊಂದು: "ಕಡಿಮಿ ಅದಾರಂದ್ರ ಬೋನಸ್ ಜಾಸ್ತಿ ಇರಬೇಕಲ್ಲ?"

ಇಲ್ಲ. ದಾಳದಲ್ಲಿ ಬಿದ್ದದ್ದರ ಮೇಲೆ ಕೂಡಿಸಿಕೊಳ್ಳಲು ಒಂದು ಅಂಕವೂ ಬೋನಸ್ ಇಲ್ಲ.

ಈ ಬೋನಸ್ ಆಸೆ ಸುಮ್ನೆ ಹುಟ್ಟಿದ್ದಲ್ಲ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಇಂಥ ಆಟಗಳಿಗೆಲ್ಲ ಮೂಲವಾದ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ತಂದಾಗ ಅದು ಹೆಚ್ಚುಕಡಿಮೆ ಮನುಷ್ಯರ ಲೋಕವೇ ಆಗಿತ್ತು. ಡ್ವಾರ್ಫ್, ಅಂದರೆ ಕುಳ್ಳ ಜನಾಂಗದವನಾಗಿ ಆಡಿದರೆ, ಪಾತ್ರ ಬಲಿಯುತ್ತ ಹೋಗಿ 6ನೇ ಲೆವೆಲ್‌ಗೆ ಗಾಡಿ ನಿಲ್ಲುತ್ತಿತ್ತು. ಇನ್ನೂ ಗಿಡ್ಡ ಜನಾಂಗದ ಹಾಬಿಟ್ ಆದರೆ 4ಕ್ಕೇ. ಮನುಷ್ಯನಿಗೆ ಮಾತ್ರ ಮಿತಿ ಇರಲಿಲ್ಲ. ಈ ಮಿತಿಗಳನ್ನು ತೆಗೆದದ್ದು 2000ದ ಮೂರನೇ ಆವೃತ್ತಿಯಲ್ಲಿ. ಆಗ ಮನುಷ್ಯನ ಕೈ ಖಾಲಿ ಆಗಬಾರದು ಅಂತ ಒಂದು ಫೀಟ್ (ವಿಶೇಷ ವಿದ್ಯೆ), ಒಂದಿಷ್ಟು ಸ್ಕಿಲ್ ಪಾಯಿಂಟ್ (ಕೌಶಲದ ಅಂಕ) ಹೆಚ್ಚಿಗೆ ಕೊಟ್ಟರು. ಅಂದರೆ ಮೊದಲಿನಿಂದಲೂ ಮನುಷ್ಯನಿಗೆ ಏನೋ ಒಂದು ಮಾಮೂಲು ಸಿಗುತ್ತಲೇ ಬಂದಿದೆ. ನನ್ನ ಆಟದಲ್ಲಿ ಅದು ಸಿಗಲಿಲ್ಲ ಅಂದರೆ ಜನಕ್ಕೆ ಸಿಟ್ಟು ಬರುವುದು ಸಹಜ, ಅಲ್ವಾ.

ನನ್ನ ಲೋಕ ಹುಟ್ಟಿದ್ದು ಬಾದಾಮಿಯಲ್ಲಿ. ಮೊದಲನೇ ಗುಹೆಗೆ ಹೋದವರೆಲ್ಲ ಹದಿನೆಂಟು ಕೈಯ ನಟರಾಜನ ಮುಂದೆ ಫೋಟೋ ತೆಗೆಸಿಕೊಂಡು ಮುಂದೆ ಹೋಗುತ್ತಾರೆ. ನೀವು ಒಮ್ಮೆ ಕೆಳಗೆ, ಜಗಲಿಯ ಪಟ್ಟಿ ನೋಡಿ. ಸಾಲಾಗಿ ಗಣಗಳು. ಗಿಡ್ಡ ಕಾಲು, ಗುಂಡು ಹೊಟ್ಟೆ. ಒಬ್ಬ ಕುಣಿಯುತ್ತಾನೆ, ಒಬ್ಬ ಬಾರಿಸುತ್ತಾನೆ, ಕೆಲವರಿಗೆ ದನದ ಮುಖ, ಕುದುರೆ ಮುಖ. ಕತ್ತು ಎತ್ತಿದರೆ ಛತ್ತಿನಲ್ಲಿ ಸೊಂಟದಿಂದ ಕೆಳಗೆ ಹಾವಾಗಿರುವ ನಾಗರಾಜ, ಹಾರುತ್ತಿರುವ ವಿದ್ಯಾಧರ ಜೋಡಿ. ನಡುವೆ ದೇವರುಗಳು. ಅಲ್ಲಿ ನಿಂತಾಗ ನನಗೆ ಹೊಳೆದದ್ದು, ಈ ಗುಹೆಯೇ ಒಂದು ಊರಾದರೆ ನಮ್ಮಂಥವರು ಅಲ್ಲಿ ಪರವೂರಿನವರು ಅಂತ. ವಿಲಾಯತಿ ಕಥೆಗಳ ಎಲ್ಫು, ಡ್ವಾರ್ಫುಗಳನ್ನು ಅವತ್ತೇ ಕೈಬಿಟ್ಟೆ. ನನ್ನ ಲೋಕದಲ್ಲಿ ಗಣರೇ ಬಹುಸಂಖ್ಯಾತರು. ಹೊಳೆ ದಂಡೆ ನಾಗರದು. ಬೆಟ್ಟದ ಮೇಲಿನ ವಿದ್ಯಾಧರರು ಸಂತೆಗಷ್ಟೇ ಇಳಿಯುತ್ತಾರೆ.

ಹಾಗಾದರೆ ಮನುಷ್ಯರು ಏನಾದರು? ಯುದ್ಧ, ರೋಗ, ಶಾಪ ಎಲ್ಲ ಬರೆದು ನೋಡಿದೆ. ಯಾವುದೂ ಹಿಡಿಸಲಿಲ್ಲ. ಕೊನೆಗೆ ಕಾರಣ ನಮ್ಮ ಮನೆಯಲ್ಲೇ ಸಿಕ್ಕಿತು: ಮುಳುಗಡೆ. ಬಾಗಲಕೋಟೆಯವರಿಗೆ ಈ ಶಬ್ದ ಬಿಡಿಸಿ ಹೇಳುವುದು ಬೇಡ. ಹೊರಗಿನವರಿಗಾಗಿ ಹೇಳುತ್ತೇನೆ. ಆಲಮಟ್ಟಿ ಜಲಾಶಯ 519.6 ಮೀಟರಿಗೆ ತುಂಬಿದರೆ ಹಿನ್ನೀರು ಘಟಪ್ರಭೆಯ ಗುಂಟ ನಮ್ಮ ಹಳೇ ಊರಿನ ತನಕ ಬರುತ್ತದೆ. ಅಲ್ಲಿಂದ ಎದ್ದವರಿಗಾಗಿ ಕಟ್ಟಿದ್ದು ಈ ನವನಗರ. ಇಲ್ಲಿ ಓಣಿಗೆ ಹೆಸರಿಲ್ಲ, ಸೆಕ್ಟರ್ ನಂಬರ್ ಇದೆ. ನನ್ನ ಲೋಕದ ಮನುಷ್ಯರದೂ ಒಂದೇ ಕಣಿವೆ ಇತ್ತು, ಅದಕ್ಕೆ ನೀರು ಬಂತು. ಯಾರೂ ಸಾಯಲಿಲ್ಲ. ಗಂಟುಮೂಟೆ ಕಟ್ಟಿಕೊಂಡು ಗಣರ ಊರುಗಳಿಗೆ ಹತ್ತು ಮನೆ, ಇಪ್ಪತ್ತು ಮನೆ ಅಂತ ಹಂಚಿಹೋದರು.

ಒಟ್ಟು ಎಷ್ಟು ಜನ ಅಂತಲೂ ಕೇಳುತ್ತಾರೆ. ನಾನೂರು. ಇದಕ್ಕೊಂದು ಲೆಕ್ಕ ಇದೆ. 1980ರಲ್ಲಿ ಇಯಾನ್ ಫ್ರಾಂಕ್ಲಿನ್ ಎಂಬ ತಳಿವಿಜ್ಞಾನಿ ಒಂದು ಅಂದಾಜು ಕೊಟ್ಟ. ಒಂದು ಜೀವಿಯ ಗುಂಪಿನಲ್ಲಿ ಮರಿ ಹಾಕುವಂಥವು 50 ಇದ್ದರೆ ರಕ್ತಸಂಬಂಧದ ತೊಂದರೆ ಸದ್ಯಕ್ಕೆ ತಪ್ಪುತ್ತದೆ. ಬಹುಕಾಲ ಬಾಳಬೇಕಾದರೆ 500 ಬೇಕು. ಈಗಿನವರು ಈ ಸಂಖ್ಯೆಗಳ ಬಗ್ಗೆ ತಕರಾರು ತೆಗೆಯುತ್ತಾರೆ, ನನ್ನ ಕಥೆಗೆ ಅಷ್ಟು ಸಾಕು. ನಾನೂರರಲ್ಲಿ ಮುದುಕರು, ಹುಡುಗರನ್ನು ಬಿಟ್ಟರೆ ಮದುವೆ ವಯಸ್ಸಿನವರು ಎಷ್ಟು ಉಳಿದಾರು? ಹಾಗಾಗಿ ನನ್ನ ಲೋಕದಲ್ಲಿ ಹೆಣ್ಣು ನೋಡಲು ಹೊರಟವರು ಎಂಟು ದಿನ ಬಂಡಿ ಹೂಡಬೇಕು. ಎಲ್ಲರೂ ಎಲ್ಲರಿಗೂ ಬೀಗರು.

ಇನ್ನು ಆಟದಲ್ಲಿ ಇದು ಹೇಗೆ ಕಾಣುತ್ತದೆ ಅಂದರೆ, ನಮ್ಮ ಕಾಕಾನ ಮಗನ ಕಥೆ ಹೇಳಬೇಕು. ಅವನದು ಮನುಷ್ಯ ಪಾತ್ರ, ಆರಡಿ ಎತ್ತರದ ಸಿಪಾಯಿ. ಗಣರ ಊರಿನ ಖಾನಾವಳಿಯಲ್ಲಿ ಜಗಳ ಹತ್ತಿತ್ತು.

"ಕತ್ತಿ ಹಿರದು ಒಳಗ ನುಗ್ಗತೇನಿ" ಅಂದ.

"ಬಾಗಲಾ ನಿನ್ನ ಎದಿಮಟ ಐತಿ. ಬಗ್ಗೇ ಹೋಗಬೇಕು. ಮೊದಲ ಕತ್ತಿ ಹೋಗತೈತೋ, ತಲಿ ಹೋಗತೈತೋ?" ಅಂತ ನಾನು ಕೇಳಿದೆ.

ಬಹಳ ಹೊತ್ತು ಯೋಚಿಸಿ ತಲೆ ಅಂದ. ದಾಳ ಹಾಕಿದ, 3 ಬಿತ್ತು. ಚೌಕಟ್ಟಿಗೆ ಹಣೆ ಬಡಿಯಿತು. ಒಳಗಿನ ಜಗಳ ನಿಂತು ಎಲ್ಲರೂ ಅವನನ್ನೇ ನೋಡತೊಡಗಿದರು. ಆಮೇಲೆ ಊಟಕ್ಕೆ ಕೂತ. ಗಣರ ರೊಟ್ಟಿ ಅಂಗೈಯಷ್ಟು. ಹತ್ತೊಂಬತ್ತು ತಿಂದ. ರಾತ್ರಿ ಮಲಗಲು ಎರಡು ಹೊರಸು ಜೋಡಿಸಬೇಕಾಯಿತು, ಬಾಡಿಗೆಯೂ ಎರಡರದ್ದೇ. ಬೆಳಿಗ್ಗೆ ಖಾನಾವಳಿ ಹುಡುಗಿ ಗೇಣು ಹಾಕಿ ಇವನ ಮೊಣಕಾಲು ಎಷ್ಟೆತ್ತರ ಅಂತ ಅಳೆಯುತ್ತಿದ್ದಳು. ಮರುದಿನ ಚಾವಡಿಯಲ್ಲಿ ಜಾಮೀನು ಕೊಡಲು ಸ್ವಂತ ಕುಲದವರು ಇಬ್ಬರು ಬೇಕು ಅಂದಾಗ ಮಾತ್ರ ಅವನು ನಗಲಿಲ್ಲ. ಆ ಊರಲ್ಲಿ ಇನ್ನೊಬ್ಬ ಮನುಷ್ಯ ಎಲ್ಲಿಂದ ಬರಬೇಕು?

ಇಂಥದಕ್ಕೇ ನಾನು ಬೋನಸ್ ಕೊಡುವುದಿಲ್ಲ. ಮನುಷ್ಯರು ವಿರಳ ಅಂದ ಕೂಡಲೇ ಅವರನ್ನು ಕಳೆದುಹೋದ ರಾಜವಂಶ, ಭವಿಷ್ಯವಾಣಿಯ ವೀರ ಅಂತ ಮಾಡುವುದು ನನಗೆ ಸೇರುವುದಿಲ್ಲ. ಊರಿಗೆ ಒಬ್ಬನೇ ಇದ್ದರೆ ಅವನಿಗೆ ಕಿರೀಟ ಯಾರೂ ಇಡುವುದಿಲ್ಲ, ಅವನ ಅಳತೆಯ ಚಪ್ಪಲಿ ಸಂತೆಯಲ್ಲಿ ಸಿಗುವುದಿಲ್ಲ, ಅಷ್ಟೇ. ಜಾಸ್ತಿ ಜನ ಇದನ್ನು ಒಪ್ಪುವುದಿಲ್ಲ. ಇಬ್ಬರು ಮೂರನೇ ವಾರಕ್ಕೇ ಮನುಷ್ಯನನ್ನು ಬಿಟ್ಟು ನಾಗರಾದರು.

ನಮ್ಮ ಕಾಕಾನ ಮಗ ಬಿಡಲಿಲ್ಲ. ಹೋದ ತಿಂಗಳು, ನಾಲ್ಕು ಊರು ದಾಟಿದ ಮೇಲೆ, ಸಂತೆಯಲ್ಲಿ ಅವನಿಗೆ ಕೊನೆಗೂ ಒಬ್ಬ ಮುದುಕ ಮನುಷ್ಯ ಸಿಕ್ಕ. ಮೆಣಸಿನಕಾಯಿ ಮಾರುತ್ತಿದ್ದ. ನಿಧಿಯ ದಾರಿ ಗೊತ್ತಿದ್ದದ್ದು ಆ ಮುದುಕನಿಗೇ, ಅದನ್ನು ಕೇಳಲಿ ಅಂತ ನಾನು ಕಾಯುತ್ತಿದ್ದೆ. ಇವನು ಕೇಳಿದ್ದು ಬೇರೆ.

"ಅಜ್ಜಾ, ನಿಮ್ದು ಹಳೇ ಊರಾಗ ಯಾವ ಓಣಿ?"

ಅದನ್ನು ನಾನು ಬರೆದುಕೊಂಡಿರಲಿಲ್ಲ. ಬಾಯಿಗೆ ಬಂದಂತೆ "ಗುಡಿ ಹಿಂದಿನ ಓಣಿ" ಅಂದುಬಿಟ್ಟೆ. "ಹಂಗಾರ ನೀವು ನಮ್ಮ ಅವ್ವನ ಕಡಿಯಿಂದ ಬೀಗರಾಗಬೇಕಲ್ರೀ" ಅಂದ. ಅಲ್ಲಿಂದ ಮುಂದೆ ಯಾರ ಮಗಳನ್ನು ಯಾರ ಮನೆಗೆ ಕೊಟ್ಟಿದ್ದರು ಅಂತ ಅರ್ಧ ತಾಸು ನಡೆಯಿತು. ಉಳಿದ ಗಣರು, ನಾಗರು ಎಲ್ಲ ಕಾದು ಕಾದು ಚಹಾ ಕುಡಿಯಲು ಕೆಳಗೆ ಇಳಿದರು.