ಡೋರಿಯ ಹೊಲಿಗೆ ಬೀಳಬೇಕಾದ್ದು ಕಾಲುವೆಯಲ್ಲಿ

ಬ್ಯಾಂಡ್‌ಸೆಟ್‌ನವರ ಕೋಟಿನ ತೋಳಿನ ತುದಿಯಲ್ಲಿ, ಶೇರ್ವಾನಿಯ ಕಾಲರ್ ಮೇಲೆ ಸುತ್ತಿ ಬಳಸಿ ಹೋಗುವ ಚಪ್ಪಟೆ ಡೋರಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ. ಅಕ್ಕಪಕ್ಕ ಎರಡು ಹುರಿ, ಅವುಗಳ ಮೇಲೆ ಕೆಳಗೆ ಹಾಯ್ದ ಹೆಣಿಗೆ, ನಡುವೆ ಸಣ್ಣ ಕಾಲುವೆ. ಹಂಗೇರಿಯ ಹುಸಾರ್ ಕುದುರೆ ಸವಾರರ ಅಂಗಿಗಳಿಂದ ಯುರೋಪಿನ ಬೇರೆ ಸೈನ್ಯಗಳಿಗೂ ಹಬ್ಬಿದ ಅಲಂಕಾರವಿದು. ಈ ಡೋರಿಗಿರುವ ಸೂತಾಶ್ ಎಂಬ ಹೆಸರಿನ ಮೂಲವೂ ಹಂಗೇರಿ ಭಾಷೆಯೇ.

ತುದಿಯ ಹೆಣಿಗೆ ಬಿಡಿಸಿ ಒಂದೇ ಹುರಿಯನ್ನು ಮೆಲ್ಲಗೆ ಎಳೆಯಿರಿ. ಡೋರಿ ತಾನಾಗಿ ಸುರುಳಿಯಾಗುತ್ತದೆ, ಎಳೆದ ಹುರಿ ಒಳಬದಿಗೆ ಬರುತ್ತದೆ. ಅಷ್ಟು ಚೆನ್ನಾಗಿ ಬಾಗುವ ಪಟ್ಟಿ ಇದು. ಅದಕ್ಕೇ ಹೊಲಿಗೆ ಕಾಲುವೆಯೊಳಗೇ ಬೀಳಬೇಕು. ಹುರಿಯ ಮೇಲೆ ಬಿದ್ದರೆ ಒಂದು ಬದಿ ಅದುಮಿಕೊಂಡು ಇನ್ನೊಂದು ಬದಿ ಏಳುತ್ತದೆ, ತಿರುವಿನಲ್ಲಿ ಡೋರಿ ಮಗುಚುತ್ತದೆ.

ಕೆಲಸಕ್ಕೆ ಕೂರುವ ಮೊದಲು ಹತ್ತಿ ಡೋರಿಯನ್ನು ಬೆಚ್ಚಗಿನ ನೀರಲ್ಲಿ ನೆನೆಸಿ, ಎಳೆಯದೆ, ಹಾಸಿ ಒಣಗಿಸಿ. ಈ ಹೆಜ್ಜೆ ಬಿಟ್ಟರೆ ಮೊದಲ ಒಗೆತದಲ್ಲೇ ಡೋರಿ ಕುಗ್ಗಿ ಬಟ್ಟೆ ನಿರಿಗೆಗಟ್ಟುತ್ತದೆ. ಆಮೇಲೆ ಎಷ್ಟು ಇಸ್ತ್ರಿ ಹಾಕಿದರೂ ಸರಿಹೋಗದು. ಜರಿ ಡೋರಿಯನ್ನು ಮಾತ್ರ ನೆನೆಸಬೇಡಿ. ಉದ್ದ ಬೇಕೆಂದರೆ ಚಿತ್ತಾರದ ಗೆರೆಯ ಮೇಲೆ ದಾರ ಇಟ್ಟು ಅಳೆದು, ಹತ್ತಕ್ಕೆ ಒಂದರಷ್ಟು ಹೆಚ್ಚು ತಗೊಳ್ಳಿ. ತಿರುವು ಜಾಸ್ತಿಯಿದ್ದರೆ ಇನ್ನೂ ಸ್ವಲ್ಪ ಬೇಕು.

ಲೈನಿಂಗ್ ಹಾಕುವ ಮುಂಚೆಯೇ ಡೋರಿ ಹೊಲಿಯಬೇಕು. ಬಟ್ಟೆಯ ಹಿಂದೆ ಕ್ಯಾನ್ವಾಸ್, 14 ನಂಬರ್ ಸೂಜಿ, 2ರಿಂದ 2.5 ಮಿ.ಮೀ. ಹೊಲಿಗೆ. ಡೋರಿಯನ್ನು ಸಡಿಲವಾಗಿ ಬಿಡುತ್ತಾ ಹೋಗಿ, ಬಿಗಿಯಾಗಿ ಎಳೆದರೆ ಬಟ್ಟೆ ಸುಕ್ಕಾಗುತ್ತದೆ. ಮೂಲೆ ಬಂದಾಗ ಸೂಜಿಯನ್ನು ಬಟ್ಟೆಯೊಳಗೇ ಬಿಟ್ಟು, ಹೊಲಿಗೆ ಯಂತ್ರದ ಪ್ರೆಷರ್ ಫೂಟ್ (ಬಟ್ಟೆ ಒತ್ತಿಹಿಡಿಯುವ ಪಾದ) ಎತ್ತಿ, ತಿರುಗಿಸಿ. ಬಲ, ಎಡ ತೋಳಿನ ಚಿತ್ತಾರ ಕನ್ನಡಿಯಲ್ಲಿ ಕಂಡಂತೆ ಹೊಂದಬೇಕಾದ್ದರಿಂದ ಎರಡನ್ನೂ ಕಂಕುಳ ಕೆಳಗಿನ ಜೋಡಣೆಯಿಂದಲೇ ಶುರುಮಾಡಿ.

ಎಲ್ಲಕ್ಕಿಂತ ಹೆಚ್ಚು ಕೆಟ್ಟು ಕಾಣುವುದು ಕತ್ತರಿಸಿ ಬಿಟ್ಟ ತುದಿ. ಅಲ್ಲಿಂದಲೇ ಹೆಣಿಗೆ ಬಿಚ್ಚಿಕೊಳ್ಳುತ್ತಾ ಬರುತ್ತದೆ. ತುದಿ ಮುಗಿಯುವ ಜಾಗದಲ್ಲಿ ದಬ್ಬಳದಿಂದ ತೂತು ಮಾಡಿ, ಒಂದು ಇಂಚು ಡೋರಿಯನ್ನು ಬಟ್ಟೆಯ ಹಿಂದಕ್ಕೆ ತೂರಿಸಿ, ಕ್ಯಾನ್ವಾಸ್‌ಗೆ ಕೈಹೊಲಿಗೆ ಹಾಕಿ. ತೂತಿನ ನೂಲನ್ನು ಕತ್ತರಿಯಿಂದ ಕಡಿಯಬೇಡಿ. ದಬ್ಬಳ ನೂಲನ್ನು ಅಗಲಿಸಿದರೆ ಸಾಕು, ಆಮೇಲೆ ಅದೇ ಕೂಡಿಕೊಳ್ಳುತ್ತದೆ.

ಇಸ್ತ್ರಿಯನ್ನು ದಪ್ಪ ಟವೆಲ್ ಮೇಲೆ ಬಟ್ಟೆ ಮಗುಚಿಟ್ಟು ಹಿಂಬದಿಯಿಂದ ಮಾಡಿ, ಇಲ್ಲದಿದ್ದರೆ ಹುರಿಗಳ ಉಬ್ಬು ಸಮವಾಗಿ ಕಾಲುವೆಯೇ ಮುಚ್ಚಿಹೋಗುತ್ತದೆ. ಪ್ಲಾಸ್ಟಿಕ್ ಜರಿಯಾದರೆ ಕಮ್ಮಿ ಬಿಸಿ ಸಾಕು, ಜಾಸ್ತಿಯಾದರೆ ಮುದುರಿಕೊಳ್ಳುತ್ತದೆ.